ರಂಜಕ, ಬೆಲ್ಲ, ಶೇಂಗಾ: ಕೋಳಿ ರೆಕ್ಕೆಗೆ ಮನೆಯ ಸಾಸುಗಳು

ಕೋಳಿ ರೆಕ್ಕೆಯನ್ನು ಗರಿಗರಿಯಾಗಿ ಕರಿದು ಖಾರದ ಸಾಸಿನಲ್ಲಿ ಹೊರಳಿಸಿ ತಿನ್ನುವ ರೂಢಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಳೆಯದಲ್ಲ. ಹೋಟೆಲುಗಳ ಮೂಲಕ ಬಂದಿತು, ಬರುವಾಗ ಬಾಟಲಿಗಳನ್ನೂ ಜೊತೆಗೆ ತಂದಿತು. ಹೀಗಾಗಿ ಮನೆಯಲ್ಲಿ ಮಾಡಲು ಹೊರಟವರು ಮೊದಲು ಅಂಗಡಿಗೆ ಹೋಗಿ ಕೆಚಪ್, ಚಿಲ್ಲಿ ಸಾಸ್, ಸೋಯಾ ಸಾಸ್ ಕೊಳ್ಳುತ್ತಾರೆ. ಅದರ ಅಗತ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಳಿಗಾಲದಲ್ಲಿ ನಮ್ಮ ಮನೆಗಳಲ್ಲಿ ಭರಣಿ ತುಂಬಿಡುವ ರಂಜಕದಲ್ಲಿ ಏನೇನಿದೆ ನೋಡಿ: ಹಣ್ಣಾದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ. ಅಮೆರಿಕದ ಬಫಲೋ ನಗರದ ಹೆಸರಾಂತ ಸಾಸಿನಲ್ಲಿ ಇರುವುದು ಮಾಗಿಸಿದ ಕೆಂಪು ಮೆಣಸಿನಕಾಯಿ, ವಿನೆಗರ್, ಉಪ್ಪು, ಬೆಳ್ಳುಳ್ಳಿ. ಅದಕ್ಕೆ ಅವರು ಬೆಣ್ಣೆ ಸೇರಿಸುತ್ತಾರೆ. ನಾವೂ ರೊಟ್ಟಿಯ ಮೇಲೆ ರಂಜಕ ಹಾಕಿಕೊಂಡು ಪಕ್ಕದಲ್ಲಿ ಬೆಣ್ಣೆ ಇಟ್ಟುಕೊಳ್ಳುತ್ತೇವೆ. ಎರಡನ್ನೂ ಕೂಡಿಸುವುದಷ್ಟೇ ಬಾಕಿ.

ಬಫಲೋದ ಕಥೆ ಹೀಗಿದೆ. ನ್ಯೂಯಾರ್ಕ್ ರಾಜ್ಯದ ಆ ಊರಿನಲ್ಲಿ ಆಂಕರ್ ಬಾರ್ ಎಂಬ ಹೋಟೆಲಿನ ಟೆರೆಸಾ ಬೆಲಿಸಿಮೊ 1964ರಲ್ಲಿ ರೆಕ್ಕೆಗಳನ್ನು ಕರಿದು ಖಾರದ ಸಾಸಿನಲ್ಲಿ ಹೊರಳಿಸಿ ಬಡಿಸಿದರು ಎನ್ನುತ್ತಾರೆ. ಅದುವರೆಗೆ ರೆಕ್ಕೆ ಎಂದರೆ ಹೆಚ್ಚಾಗಿ ಸೂಪಿನ ಪಾತ್ರೆಗೆ ಹೋಗುವ ಭಾಗವಾಗಿತ್ತು. ಅದೇ ಊರಿನ ಜಾನ್ ಯಂಗ್ ಎಂಬವರೂ ಅದೇ ದಶಕದಲ್ಲಿ ಇಡೀ ರೆಕ್ಕೆಗಳನ್ನು ಕರಿದು ಟೊಮೆಟೊ ಸಾಸಿನೊಂದಿಗೆ ಮಾರುತ್ತಿದ್ದರು. ಆದ್ದರಿಂದ ಮೊದಲಿಗರು ಯಾರು ಎಂಬ ವಾದ ಅಲ್ಲಿ ಇಂದಿಗೂ ಇದೆ. 1977ರಲ್ಲಿ ಆ ನಗರದ ಮೇಯರ್ ಜುಲೈ 29ನ್ನು ಕೋಳಿ ರೆಕ್ಕೆಯ ದಿನವೆಂದು ಘೋಷಿಸಿದರು.

ಕೆಳಗಿನ ಅಳತೆಗಳೆಲ್ಲ ಒಂದು ಕೆ.ಜಿ. ರೆಕ್ಕೆಗೆ. ನಾಲ್ಕು ಮಂದಿಗೆ ಸಾಕಾಗುತ್ತದೆ. ದೊಡ್ಡ ಚಮಚ ಎಂದರೆ 15 ಮಿ.ಲೀ., ಸಣ್ಣ ಚಮಚ ಎಂದರೆ 5 ಮಿ.ಲೀ.

ಅಂಗಡಿಯಲ್ಲಿ ಹೇಳಬೇಕಾದ ಮಾತು

ನಮ್ಮ ಊರಿನ ಕೋಳಿ ಅಂಗಡಿಗಳಲ್ಲಿ ಪುಕ್ಕದ ಜೊತೆಗೆ ಚರ್ಮವನ್ನೂ ಸುಲಿದು ಕೊಡುವುದೇ ವಾಡಿಕೆ. ಸಾರಿಗೆ ಅದು ಸರಿ. ಈ ಅಡುಗೆಗೆ ಮಾತ್ರ ಚರ್ಮವೇ ಪ್ರಾಣ. ಗರಿಗರಿಯಾಗುವುದು ಅದೇ, ಮಾಂಸವಲ್ಲ. ಚರ್ಮವಿಲ್ಲದ ರೆಕ್ಕೆಯನ್ನು ಎಷ್ಟು ಜಾಣತನದಿಂದ ಕರಿದರೂ ಅದು ಒಣಗಿ ನಾರಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಹೋಗಿ, "ಅಣ್ಣಾ, ನಾಳೆ ಬೆಳಿಗ್ಗೆ ಒಂದು ಕಿಲೋ ರೆಕ್ಕೆ ಬೇಕು, ಚರ್ಮ ತೆಗೆಯಬೇಡಿ, ಬಿಸಿನೀರಿನಲ್ಲಿ ಅದ್ದಿ ಪುಕ್ಕ ಮಾತ್ರ ಕಿತ್ತು ಕೊಡಿ" ಎಂದು ಹೇಳಿಡಿ. ಒಂದು ಕೋಳಿಗೆ ಎರಡೇ ರೆಕ್ಕೆ. ಕಿಲೋಗೆ ಹನ್ನೆರಡರ ಆಸುಪಾಸು ಬೇಕಾಗುವುದರಿಂದ ಸಣ್ಣ ಅಂಗಡಿಯವರಿಗೆ ಎತ್ತಿಡಲು ಸಮಯ ಬೇಕು. ಭಾನುವಾರ ಹನ್ನೊಂದು ಗಂಟೆಗೆ ಹೋಗಿ ಕೇಳಿದರೆ ಸಿಗುವುದು ಕಷ್ಟ.

ಬೆಳಿಗ್ಗೆ ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಸಿ ಮಾಂಸವನ್ನು ಸಾಮಾನ್ಯ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಒಂದು ಗಂಟೆಯೂ ಹೆಚ್ಚೇ. ಸಂತೆಯ ಕೆಲಸವನ್ನೆಲ್ಲ ಮುಗಿಸಿಕೊಂಡು ಕೊನೆಗೆ ಕೋಳಿ ಕೊಳ್ಳಿ, ಕೊಂಡು ನೇರವಾಗಿ ಮನೆಗೆ ಬನ್ನಿ.

ಕತ್ತರಿಸುವುದು

ಇಡೀ ರೆಕ್ಕೆಯಲ್ಲಿ ಮೂರು ಭಾಗಗಳಿವೆ. ಭುಜದ ಕಡೆಯದು ಸಣ್ಣ ಕಾಲಿನ ಹಾಗೆ ದುಂಡಗಿರುತ್ತದೆ, ಒಳಗೆ ಒಂದೇ ಎಲುಬು. ನಡುವಿನದು ಚಪ್ಪಟೆ, ಒಳಗೆ ಎರಡು ತೆಳು ಎಲುಬು. ಕೊನೆಯದು ಮಾಂಸವಿಲ್ಲದ ತುದಿ. ರೆಕ್ಕೆಯನ್ನು ಅಗಲಿಸಿ ಹಿಡಿದು ಕೀಲಿನ ಮೇಲೆ ಬೆರಳಾಡಿಸಿದರೆ ಎರಡು ಎಲುಬು ಸೇರುವ ಜಾಗದ ತಗ್ಗು ಸಿಗುತ್ತದೆ. ಚಾಕುವನ್ನು ಆ ತಗ್ಗಿನಲ್ಲಿಟ್ಟು ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ಚಾಕು ತಡೆದರೆ ಎಲುಬಿನ ಮೇಲಿದೆ ಎಂದರ್ಥ. ಬಲ ಹಾಕದೆ ತುಸು ಆಚೀಚೆ ಸರಿಸಿ. ಅಂಗಡಿಯವರಿಂದ ಕತ್ತಿಯಲ್ಲಿ ಕೊಚ್ಚಿಸಬೇಡಿ, ಎಲುಬಿನ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಬಿಡಿಪುಕ್ಕಗಳು ಉಳಿದಿದ್ದರೆ ಗ್ಯಾಸಿನ ಉರಿಯ ಮೇಲೆ ಎರಡು ಸೆಕೆಂಡು ಆಡಿಸಿ ಸುಟ್ಟು ಒರೆಸಿ.

ತುದಿಗಳನ್ನು ಎಸೆಯಬೇಡಿ. ಈರುಳ್ಳಿ, ಶುಂಠಿ, ನಾಲ್ಕು ಕಾಳು ಮೆಣಸು ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೆ ಒಳ್ಳೆಯ ರಸ ಬಿಡುತ್ತವೆ. ಮರುದಿನದ ಸಾರಿಗೆ ಅದೇ ಸಾಕು.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣುಗಳು ಹನಿಗಳ ಜೊತೆ ಸಿಡಿದು ಪಾತ್ರೆ, ತರಕಾರಿ, ಕಟ್ಟೆಯ ಮೇಲೆಲ್ಲ ಹರಡುತ್ತವೆ. ಅವು ಸಾಯುವುದು ಬೇಯುವ ಶಾಖದಿಂದಲೇ ಹೊರತು ನೀರಿನಿಂದಲ್ಲ, ಅರಿಶಿನದ ನೀರಿನಿಂದಲೂ ಅಲ್ಲ. ಆದರೂ ನಮ್ಮ ಮನೆಗಳಲ್ಲಿ ತೊಳೆಯದ ಮಾಂಸವನ್ನು ಒಲೆಗೆ ಏರಿಸಲು ಹಿರಿಯರು ಒಪ್ಪುವುದಿಲ್ಲ, ಅಂಗಡಿಯ ರಕ್ತದ ಕಲೆ ಕಂಡರೆ ಒಪ್ಪದಿರುವುದು ಸಹಜವೂ ಹೌದು. ಹಾಗಿದ್ದರೆ ಒಂದು ಆಳವಾದ ಬೋಗುಣಿಯಲ್ಲಿ ನೀರು ತುಂಬಿ ಅದರೊಳಗೆ ರೆಕ್ಕೆಗಳನ್ನು ಮೆಲ್ಲಗೆ ಅದ್ದಿ ತೆಗೆಯಿರಿ, ನೀರನ್ನು ಸಿಡಿಯದಂತೆ ಚೆಲ್ಲಿರಿ, ಆಮೇಲೆ ಬೋಗುಣಿ, ಸಿಂಕು, ಕೈಗಳನ್ನು ಸಾಬೂನಿನಿಂದ ತೊಳೆಯಿರಿ.

ಅನಂತರ ಸ್ವಚ್ಛ ಬಟ್ಟೆಯಿಂದ ಅಥವಾ ಕಾಗದದ ಕರವಸ್ತ್ರದಿಂದ ಒಂದೊಂದೇ ತುಂಡನ್ನು ಒತ್ತಿ ಒರೆಸಿ. ಈ ಕೆಲಸದಲ್ಲಿ ಅವಸರ ಮಾಡಬಾರದು. ಚರ್ಮದ ಮೇಲೆ ನೀರಿದ್ದಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಆಚೆ ಏರುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ ಹುಟ್ಟಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಒದ್ದೆ ರೆಕ್ಕೆ ಎಣ್ಣೆಯಲ್ಲಿದ್ದರೂ ಕುದಿಯುತ್ತಿರುತ್ತದೆ, ಅಷ್ಟೆ.

ಒರೆಸಿದ ಮೇಲೆ 10 ಗ್ರಾಂ ಉಪ್ಪು, ಅಂದರೆ ಎರಡು ಸಣ್ಣ ಚಮಚಕ್ಕಿಂತ ತುಸು ಕಡಿಮೆ, ಮತ್ತು ಅರ್ಧ ಸಣ್ಣ ಚಮಚ ಕರಿಮೆಣಸಿನ ಪುಡಿ ಹಾಕಿ ಕಲಸಿ. ಸಾಸಿನಲ್ಲೂ ಉಪ್ಪು ಬರುವುದರಿಂದ ಇಲ್ಲಿ ಕೈ ಹಿಡಿದು ಹಾಕಬೇಕು. ಓವನ್ನಿನಲ್ಲಿ ಮಾಡುವುದಾದರೆ ಇದರ ಜೊತೆ ಎರಡೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್ ಸೇರಿಸಿ. ಅದು ಚರ್ಮದ ಮೇಲ್ಮೈಯನ್ನು ಸ್ವಲ್ಪ ಕ್ಷಾರೀಯವಾಗಿಸಿ ಬೇಗ ಕೆಂಪಾಗುವಂತೆ ಮಾಡುತ್ತದೆ, ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಗರಿಗರಿತನ ಕೊಡುತ್ತದೆ. ಇದರ ಬದಲು ಅಡುಗೆ ಸೋಡಾ ಹಾಕಿದರೆ ಸಾಬೂನಿನ ಕಹಿ ಬರುತ್ತದೆ. ಎರಡು ಡಬ್ಬಿಗಳನ್ನು ಅದಲುಬದಲು ಮಾಡಿಕೊಳ್ಳಬೇಡಿ. ಎಣ್ಣೆಯಲ್ಲಿ ಕರಿಯುವವರಿಗೆ ಎರಡೂ ಬೇಡ. ಮೈದಾ, ಕಾರ್ನ್‌ಫ್ಲೋರ್ ಹೊದಿಕೆಯೂ ಬೇಡ. ಹೊದಿಕೆ ಸಾಸನ್ನು ಹೀರಿ ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ, ಒಣ ಚರ್ಮ ಹಾಗಾಗುವುದಿಲ್ಲ.

ಈಗ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಜಾಲರಿಯ ಮೇಲೆ ಹರಡಿ, ಕೆಳಗೆ ತಟ್ಟೆ ಇಟ್ಟು, ಮುಚ್ಚಳ ಮುಚ್ಚದೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಎಂಟರಿಂದ ಹನ್ನೆರಡು ಗಂಟೆ ಇಡಿ. ಕೆಳಗಿನ ಅರೆ ಏಕೆಂದರೆ ಹಸಿ ಮಾಂಸದ ಹನಿ ಹಾಲು, ಸೊಪ್ಪಿನ ಮೇಲೆ ಬೀಳಬಾರದು. ಉಪ್ಪು ಒಳಗಿಳಿಯುತ್ತದೆ, ಫ್ರಿಜ್ಜಿನ ಒಣಗಾಳಿ ಚರ್ಮವನ್ನು ಬಿಗಿಗೊಳಿಸುತ್ತದೆ. ಮುಟ್ಟಿದರೆ ಅಂಟದೆ ಕಾಗದದಂತೆ ಅನ್ನಿಸಬೇಕು. ಸಮಯವಿಲ್ಲದಿದ್ದರೆ ಎರಡು ಗಂಟೆಯಾದರೂ ಇಡಿ. ಫ್ರಿಜ್ಜು ತುಂಬಿದೆ ಎಂದು ಬಿಸಿಲಲ್ಲಿ, ಫ್ಯಾನಿನ ಕೆಳಗೆ ಒಣಗಿಸುವುದು ಮಾತ್ರ ಸಲ್ಲದು. ಮಾಂಸಕ್ಕೆ ಬೇರೆ ಪಾತ್ರೆ, ಬೇರೆ ಒಲೆ ಇಟ್ಟುಕೊಳ್ಳುವ ಮನೆಗಳಲ್ಲಿ ಫ್ರಿಜ್ಜಿನಲ್ಲಿ ತೆರೆದಿಡುವುದಕ್ಕೆ ಆಕ್ಷೇಪ ಬರಬಹುದು. ಅಂಥವರು ಬೆಳಿಗ್ಗೆ ತಂದು ಚೆನ್ನಾಗಿ ಒರೆಸಿ ಕೂಡಲೇ ಎರಡು ಸುತ್ತು ಕರಿಯುವ ದಾರಿ ಹಿಡಿಯಲಿ. ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಾಗುವುದಿಲ್ಲ.

ಎರಡು ಸುತ್ತು ಕರಿಯುವುದು

ದಪ್ಪ ತಳದ ಕಬ್ಬಿಣದ ಕಡಾಯಿಯಲ್ಲಿ ಅರ್ಧಕ್ಕಿಂತ ಮೇಲೆ ಎಣ್ಣೆ ಹಾಕಬೇಡಿ. ರೆಕ್ಕೆ ಬಿದ್ದಾಗ ನೊರೆಯೇಳುತ್ತದೆ. ರಿಫೈನ್ಡ್ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸೂಕ್ತ. ನಮ್ಮ ಕಡೆಯ ಗಾಣದ ಕುಸುಬಿ ಎಣ್ಣೆ ಒಗ್ಗರಣೆಗೆ ಎಷ್ಟು ರುಚಿಯೋ, ಕರಿಯುವ ಬಿಸಿಗೆ ಅಷ್ಟೇ ಅಯೋಗ್ಯ. ಬೇಗ ಹೊಗೆಯಾಡಿ ಕಹಿಯಾಗುತ್ತದೆ.

ಮೊದಲ ಸುತ್ತಿಗೆ ಎಣ್ಣೆ 150ರಿಂದ 160 ಡಿಗ್ರಿ ಇರಲಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದವರು ಈರುಳ್ಳಿಯ ಒಂದು ಎಸಳು ಹಾಕಿ ನೋಡಿ: ತಳದಿಂದ ನಿಧಾನವಾಗಿ ಎದ್ದು ಸಣ್ಣ ಗುಳ್ಳೆ ಬಿಟ್ಟರೆ ಈ ಹದ, ಹಾಕಿದ ಕೂಡಲೇ ಮೇಲೆದ್ದು ಭರದಿಂದ ಸಿಡಿದರೆ ಎರಡನೆಯ ಸುತ್ತಿನ ಹದ. ಒಮ್ಮೆಗೆ ಎಂಟು ತುಂಡುಗಳಿಗಿಂತ ಹೆಚ್ಚು ಹಾಕಬೇಡಿ. ಎಂಟೊಂಬತ್ತು ನಿಮಿಷ ಮಧ್ಯಮ ಉರಿಯಲ್ಲಿ ಬೇಯಲಿ. ಈ ಹಂತದಲ್ಲಿ ಬಣ್ಣ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಚರ್ಮದಡಿಯ ಕೊಬ್ಬು ಕರಗುತ್ತದೆ, ಕೀಲಿನ ಸುತ್ತಲಿನ ಗಟ್ಟಿ ನಾರು ಮೆತ್ತಗಾಗುತ್ತದೆ. ತೆಗೆದು ಜಾಲರಿಯ ಮೇಲೆ ಹದಿನೈದು ನಿಮಿಷ ಆರಲು ಬಿಡಿ. ಆರುವಾಗ ಒಳಗಿನ ತೇವ ಮತ್ತೆ ಚರ್ಮಕ್ಕೆ ಬರುತ್ತದೆ. ಎರಡನೆಯ ಸುತ್ತು ಇರುವುದು ಅದನ್ನು ಓಡಿಸುವುದಕ್ಕಾಗಿ.

ಎಣ್ಣೆಯನ್ನು 190 ಡಿಗ್ರಿಗೆ ಏರಿಸಿ ಎರಡು ಮೂರು ನಿಮಿಷ ಕರಿಯಿರಿ. ಹೊಂಬಣ್ಣ ಬಂದು, ಜಾಲರಿ ಸೌಟಿನಲ್ಲಿ ಆಡಿಸಿದಾಗ ಕಟಕಟ ಸದ್ದು ಬಂದರೆ ಆಯಿತು. ಕೋಳಿಯ ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ರೆಕ್ಕೆಯ ವಿಷಯದಲ್ಲಿ ನಾನು ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಎದೆಯ ಮಾಂಸ ಆ ಬಿಸಿ ದಾಟಿದರೆ ಒಣಗುತ್ತದೆ, ರೆಕ್ಕೆಯಲ್ಲಿ ನಾರು ಹೆಚ್ಚಿರುವುದರಿಂದ 85 ಡಿಗ್ರಿಯವರೆಗೆ ಹೋದರೆ ಇನ್ನಷ್ಟು ಮೃದುವಾಗುತ್ತದೆ. ಎಲುಬನ್ನು ತಿರುಗಿಸಿದರೆ ಸಡಿಲವಾಗಿ ತಿರುಗಬೇಕು, ಕೀಲಿನ ಬಳಿ ಕೆಂಪು ನೀರು ಬರಬಾರದು.

ಮಕ್ಕಳು ಓಡಾಡುವ ಮನೆಯಲ್ಲಿ ಕಡಾಯಿಯನ್ನು ಹಿಂದಿನ ಒಲೆಯ ಮೇಲಿಡಿ. ಎಣ್ಣೆಗೆ ಬೆಂಕಿ ತಗುಲಿದರೆ ನೀರು ಹಾಕಬೇಡಿ. ಗ್ಯಾಸ್ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ತಣಿಯುವವರೆಗೆ ತೆರೆಯಬೇಡಿ.

ಓಟಿಜಿ ಅಥವಾ ಓವನ್ ಇರುವವರು 220 ಡಿಗ್ರಿಗೆ ಕಾಯಿಸಿ, ಎಣ್ಣೆ ಸವರಿದ ಜಾಲರಿಯ ಮೇಲೆ ತುಂಡುಗಳನ್ನು ಬಿಡಿಬಿಡಿಯಾಗಿಟ್ಟು ಇಪ್ಪತ್ತೈದು ನಿಮಿಷ, ತಿರುವಿ ಹಾಕಿ ಇನ್ನು ಇಪ್ಪತ್ತು ನಿಮಿಷ ಬೇಯಿಸಿ. ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಬಳಿಕ 200ಕ್ಕೆ ಏರಿಸಿ ಆರೆಂಟು ನಿಮಿಷ. ಒಂದರ ಮೇಲೊಂದು ಪೇರಿಸಬೇಡಿ.

ರಂಜಕ ಮತ್ತು ಬೆಣ್ಣೆ

ಮೂರು ಸಾಸುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇದು. ರಂಜಕಕ್ಕೆ ಹಣ್ಣಾದ, ಇನ್ನೂ ಒಣಗದ ಕೆಂಪು ಮೆಣಸಿನಕಾಯಿ ಬೇಕು. ಅದು ಪೇಟೆಗೆ ಹೆಚ್ಚಾಗಿ ಬರುವುದು ಚಳಿಗಾಲದಲ್ಲಿ. ಅರ್ಧ ಕೆ.ಜಿ. ಕೊಂಡು, ತೊಟ್ಟು ಸಹಿತ ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಒಂದು ಹನಿ ನೀರೂ ಉಳಿಯದಂತೆ ಆರಿಸಿ. ತೊಟ್ಟನ್ನು ಮೊದಲೇ ತೆಗೆದರೆ ನೀರು ಒಳಗೆ ಸೇರುತ್ತದೆ. ಆಮೇಲೆ ತೊಟ್ಟು ತೆಗೆದು, 100 ಗ್ರಾಂ ಸುಲಿದ ಬೆಳ್ಳುಳ್ಳಿ, 40 ಗ್ರಾಂ ಉಪ್ಪು, ಹುರಿದು ಪುಡಿ ಮಾಡಿದ ಒಂದು ಸಣ್ಣ ಚಮಚ ಮೆಂತ್ಯ, ಅಷ್ಟೇ ಸಾಸಿವೆ ಪುಡಿ, ಐದು ಲಿಂಬೆಹಣ್ಣಿನ ರಸ ಹಾಕಿ ನೀರು ಸೋಕಿಸದೆ ರುಬ್ಬಿ. ಲಿಂಬೆಗೆ ನಾವು ಬೇರೆ ಊರಿನ ಕಡೆ ನೋಡಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ.

ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಮುಕ್ಕಾಲು ಭಾಗ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ನೆರಳಿನಲ್ಲಿ ಮೂರು ದಿನ ಇಡಿ. ದಿನಕ್ಕೊಮ್ಮೆ ಒಣ ಚಮಚದಿಂದ ತಿರುವಿ. ಹಸಿ ಘಾಟು ಇಳಿದು ಹುಳಿಯ ಪರಿಮಳ ಏಳುತ್ತದೆ. ಆ ಮಾಗುವಿಕೆಯಿಂದ ಬರುವ ರುಚಿಯನ್ನು ಬಾಟಲಿಯ ಚಿಲ್ಲಿ ಸಾಸಿನಲ್ಲಿ ನಾನು ಕಂಡಿಲ್ಲ. ನಾಲ್ಕನೆಯ ದಿನ ಫ್ರಿಜ್ಜಿಗೆ ಸೇರಿಸಿ. ಮೇಲೆ ಬೂಸು ಕಂಡರೆ ಮೇಲಿನ ಪದರ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ, ಭರಣಿಯನ್ನೇ ಖಾಲಿ ಮಾಡಿ. ಉಪ್ಪು, ಹುಳಿ ಎರಡನ್ನೂ ಕಡಿಮೆ ಮಾಡಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಅಪಾಯ. ಹುಳಿಯಿಲ್ಲದ ಹಸಿ ಬೆಳ್ಳುಳ್ಳಿ ಎಣ್ಣೆಯಡಿ ಗಾಳಿಯಿಲ್ಲದೆ ಕುಳಿತರೆ ಮಾರಕವಾದ ಬಾಟ್ಯುಲಿಸಂ ವಿಷ ಹುಟ್ಟಬಲ್ಲದು.

ಸಾಸು ಮಾಡಲು ಐದು ದೊಡ್ಡ ಚಮಚ ರಂಜಕವನ್ನು ಮೂರು ದೊಡ್ಡ ಚಮಚ ನೀರಿನೊಂದಿಗೆ ನುಣ್ಣಗೆ ರುಬ್ಬಿ ಜರಡಿಯಲ್ಲಿ ಸೋಸಿ. ಬೀಜ, ಸಿಪ್ಪೆ ಉಳಿದರೆ ಸಾಸು ರೆಕ್ಕೆಗೆ ಸಮನಾಗಿ ಅಂಟುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಮೂರು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಒಲೆ ಆರಿಸಿ. ಈಗ ಫ್ರಿಜ್ಜಿನಿಂದ ತೆಗೆದ 70 ಗ್ರಾಂ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಒಂದೊಂದಾಗಿ ಹಾಕುತ್ತ ಬಿಡದೆ ತಿರುವಿ. ಒಂದು ಕರಗಿದ ಮೇಲೆ ಇನ್ನೊಂದು. ಹೀಗೆ ಮಾಡಿದರೆ ಬೆಣ್ಣೆ ಸಾಸಿನೊಳಗೆ ಬೆರೆತು ಮಂದವಾದ, ಹೊಳಪಿನ ಕೆಂಪು ರಸವಾಗುತ್ತದೆ. ಉರಿಯ ಮೇಲೆಯೇ ಎಲ್ಲವನ್ನೂ ಒಮ್ಮೆಗೆ ಹಾಕಿದರೆ ತುಪ್ಪ ಮೇಲೆ, ಖಾರ ಕೆಳಗೆ ಎಂದು ಒಡೆಯುತ್ತದೆ. ಒಡೆದರೆ ಒಂದು ಚಮಚ ಬಿಸಿನೀರು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಸರಿಹೋಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು ಹಿಂಡಿಕೊಳ್ಳಿ. ಅಂಗಡಿಯ ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡವೇ ಬೇಡ. ಕೊನೆಗೆ ರುಚಿ ನೋಡಿ ಅರ್ಧ ಹೋಳು ಲಿಂಬೆ ಹಿಂಡಿ.

ಬೆಣ್ಣೆಯ ಕೆಲಸ ಮೃದುತ್ವ ತರುವುದಷ್ಟೇ ಅಲ್ಲ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಖಾರ ಒಂದೇ ಕಡೆ ಚುಚ್ಚದೆ ಬಾಯಿಯಲ್ಲಿ ಹರಡಿಕೊಂಡು ಬರುತ್ತದೆ.

ಹಸಿ ಕೆಂಪು ಮೆಣಸಿನಕಾಯಿ ಸಿಗದ ತಿಂಗಳುಗಳಲ್ಲಿ ಹದಿನೈದು ಬ್ಯಾಡಗಿ, ಐದು ಗುಂಟೂರು ಮೆಣಸಿನಕಾಯಿಗಳ ಬೀಜ ಉದುರಿಸಿ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹತ್ತು ಎಸಳು ಬೆಳ್ಳುಳ್ಳಿ, ನಾಲ್ಕು ದೊಡ್ಡ ಚಮಚ ವಿನೆಗರ್, ಮುಕ್ಕಾಲು ಸಣ್ಣ ಚಮಚ ಉಪ್ಪು, ಬೆಲ್ಲದ ಒಂದು ಚೂರು ಸೇರಿಸಿ ರುಬ್ಬಿ, ಸೋಸಿ, ಐದು ನಿಮಿಷ ಕುದಿಸಿ, ಮೇಲಿನಂತೆಯೇ ಬೆಣ್ಣೆ ಬೆರೆಸಿ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಮುಖ್ಯವಾಗಿ ಅದರ ಬಣ್ಣ ಮತ್ತು ಕಡಿಮೆ ಖಾರದ ಗುಣಕ್ಕೆ. ಬಣ್ಣವನ್ನು ಅದರಿಂದ ಪಡೆಯಿರಿ, ಖಾರವನ್ನು ಗುಂಟೂರಿನಿಂದ. ಸಂಕೇಶ್ವರದ ಕಡೆಯ ಮೆಣಸಿನಕಾಯಿ ಸಿಗುವವರು ಗುಂಟೂರಿನ ಬದಲು ಅದನ್ನೇ ಬಳಸಬಹುದು.

ಬೆಲ್ಲ ಮತ್ತು ಹುಣಸೆ

ಖಾರ ತಾಳದ ಮಕ್ಕಳಿಗೂ ಹಿರಿಯರಿಗೂ ಇದು. ಮುಧೋಳ, ಜಮಖಂಡಿಯ ಸುತ್ತ ಕಬ್ಬಿನ ಗದ್ದೆಗಳು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ ಇರುವಾಗ ಜೇನಿನ ಬಾಟಲಿಗೆ ಹಣ ಕೊಡುವುದು ನನಗೆ ಸರಿಕಾಣುವುದಿಲ್ಲ. ಹಳದಿಯಾಗಿ ಮಿನುಗುವ ಬೆಲ್ಲವನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿ, ಅದರಲ್ಲಿ ಪಾಕದ ಆಳವಾದ ರುಚಿ ಇರುತ್ತದೆ.

30 ಗ್ರಾಂ ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ ಕಿವುಚಿ ಸೋಸಿ. ಸ್ಟೀಲಿನ ಪಾತ್ರೆಯಲ್ಲಿ ಆ ರಸ, 120 ಗ್ರಾಂ ಪುಡಿಬೆಲ್ಲ ಹಾಕಿ ಕರಗಿದ ಮೇಲೆ ಇನ್ನೊಮ್ಮೆ ಸೋಸಿ. ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಜಜ್ಜಿದ ಶುಂಠಿ ಒಂದು ಸಣ್ಣ ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು, ಬ್ಯಾಡಗಿ ಪುಡಿ ಎರಡು ಸಣ್ಣ ಚಮಚ, ಹುರಿದ ಜೀರಿಗೆ ಪುಡಿ ಅರ್ಧ ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ ಸೇರಿಸಿ ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ. ಚಮಚದ ಹಿಂಬದಿಯಲ್ಲಿ ಸವರಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯಬೇಕು. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ತುಸು ತೆಳುವಿದ್ದಾಗಲೇ ಇಳಿಸಿ, ಒಂದು ಚಮಚ ಬೆಣ್ಣೆ ಹಾಕಿ ತಿರುವಿ. ವಿಜಯಪುರದ ಒಣದ್ರಾಕ್ಷಿ ಮನೆಯಲ್ಲಿದ್ದರೆ ಎರಡು ದೊಡ್ಡ ಚಮಚದಷ್ಟನ್ನು ನೆನೆಸಿ ರುಬ್ಬಿ ಹಾಕಿ, ಬೆಲ್ಲವನ್ನು 80 ಗ್ರಾಂಗೆ ಇಳಿಸಿ. ರುಚಿ ದುಂಡಗಾಗುತ್ತದೆ.

ಈ ಸಾಸನ್ನು ಸವರಿ ಓವನ್ನಿಗೆ ಇಡುವವರಿದ್ದಾರೆ. ಸಕ್ಕರೆಯ ಅಂಶ 220 ಡಿಗ್ರಿಯಲ್ಲಿ ಕರಕಾಗುತ್ತದೆ, ಚರ್ಮ ಮೆತ್ತಗಾಗುತ್ತದೆ. ರೆಕ್ಕೆ ಬೆಂದ ಮೇಲೆಯೇ ಹಾಕಿ.

ಶೇಂಗಾ

100 ಗ್ರಾಂ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಮುದುಡಿದ, ಬಣ್ಣಗೆಟ್ಟ, ಕಹಿ ಕಾಳುಗಳನ್ನು ಆರಿಸಿ ಎಸೆಯಿರಿ; ಶೇಂಗಾಕ್ಕೆ ಹಿಡಿಯುವ ಬೂಸಿನ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಹುರಿದ ಐದು ಒಣಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಸಣ್ಣ ಚಮಚ ಜೀರಿಗೆ, ಉಪ್ಪು ಸೇರಿಸಿ ಎಣ್ಣೆ ಬಿಡುವವರೆಗೆ ರುಬ್ಬಿ. ಒಳಕಲ್ಲಿನಲ್ಲಿ ಕುಟ್ಟಿದ ಶೇಂಗಾ ಚಟ್ನಿ ಮನೆಯಲ್ಲಿದ್ದರೆ ಈ ಶ್ರಮವೂ ಬೇಡ, ಅರ್ಧ ಬಟ್ಟಲು ತೆಗೆದುಕೊಳ್ಳಿ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ತಿರುವಿ. ಮೊದಲು ಮುದ್ದೆ ಕಟ್ಟಿ ಇನ್ನಷ್ಟು ಗಟ್ಟಿಯಾಗುತ್ತದೆ. ಗಾಬರಿಯಾಗದೆ ನೀರು ಸೇರಿಸುತ್ತ ಹೋದರೆ ಒಮ್ಮೆಲೇ ಸಡಿಲಗೊಂಡು ಕೆನೆಯಂತಾಗುತ್ತದೆ. ಒಂದು ದೊಡ್ಡ ಚಮಚ ಲಿಂಬೆರಸ, ಒಂದು ಸಣ್ಣ ಚಮಚ ಬೆಲ್ಲ ಹಾಕಿ ಮುಗಿಸಿ. ಇದನ್ನು ಹೊರಳಿಸುವುದಕ್ಕಿಂತ ಅದ್ದಿ ತಿನ್ನುವುದೇ ಚೆನ್ನ. ಅತಿಥಿಗಳಲ್ಲಿ ಯಾರಿಗಾದರೂ ಶೇಂಗಾ ಆಗುವುದಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ.

ಮೂರೂ ಸಾಸುಗಳಲ್ಲಿ ಮಾಂಸವಿಲ್ಲ. ಸೋಮವಾರ, ಶ್ರಾವಣ ಎಂದು ಕೋಳಿ ಮುಟ್ಟದ ದಿನಗಳಲ್ಲಿ, ಅಥವಾ ಮನೆಯಲ್ಲಿ ತಿನ್ನದವರಿದ್ದರೆ, ಬೇರೆ ಎಣ್ಣೆಯಲ್ಲಿ ಕರಿದ ಹೂಕೋಸು, ಬಟಾಟೆಗೆ ಇವೇ ಸಾಸು ಹಾಕಿಕೊಡಿ.

ಕಲಸುವುದು, ಬಡಿಸುವುದು

ದೊಡ್ಡ ಬಾಯಿಯ ಪಾತ್ರೆಯಲ್ಲಿ ಬಿಸಿ ರೆಕ್ಕೆಗಳನ್ನು ಹಾಕಿ, ಬೆಚ್ಚಗಿನ ಸಾಸು 120ರಿಂದ 150 ಮಿ.ಲೀ. ಸುರಿದು, ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ನಾಲ್ಕೈದು ಸಲ ಎತ್ತಿ ಮಗುಚಿ. ಸೌಟು ಹಾಕಿ ಕಲಸಿದರೆ ಚರ್ಮ ಕಿತ್ತುಬರುತ್ತದೆ. ತಣ್ಣಗಿನ ಸಾಸು ಅಂಟುವುದಿಲ್ಲ, ತಳದಲ್ಲಿ ನಿಲ್ಲುತ್ತದೆ. ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆಯೇ ಕಲಸಿ. ಹತ್ತು ನಿಮಿಷ ಕಳೆದರೆ ಅಷ್ಟು ಹೊತ್ತಿನ ಶ್ರಮ ಮೆತ್ತಗಾಗುತ್ತದೆ.

ಬಫಲೋದಲ್ಲಿ ಇದರ ಜೊತೆ ಸೆಲರಿ ದಂಟು ಮತ್ತು ಬ್ಲೂ ಚೀಸಿನ ಅದ್ದುಗೆ ಇಡುತ್ತಾರೆ. ನಮ್ಮ ರೊಟ್ಟಿ ಊಟದ ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಈರುಳ್ಳಿ ಸೊಪ್ಪು ಇಡುವ ಪದ್ಧತಿ ಇದೆಯಲ್ಲ, ಅದೇ ಇಲ್ಲಿಗೂ ಸಲ್ಲುತ್ತದೆ. ಅದ್ದಿಕೊಳ್ಳಲು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಒಂದು ಬಟ್ಟಲು ಗಟ್ಟಿ ಮೊಸರಿಗೆ ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಕತ್ತರಿಸಿದ ಪುದೀನ, ಉಪ್ಪು ಬೆರೆಸಿ ತಣ್ಣಗಿಡಿ. ಹಾಲಿನ ಪದಾರ್ಥಗಳಲ್ಲಿರುವ ಕೇಸಿನ್ ಖಾರದ ಅಂಶವನ್ನು ಹಿಡಿದು ನಾಲಗೆಯಿಂದ ಬಿಡಿಸುತ್ತದೆ. ಬಾಯಿ ಉರಿದವರಿಗೆ ನೀರಿಗಿಂತ ಮಜ್ಜಿಗೆ ಕೊಡಿ.

ಉಳಿಯಬಹುದು ಎನಿಸಿದಷ್ಟು ರೆಕ್ಕೆಗೆ ಸಾಸು ಹಾಕಬೇಡಿ. ಒಣದಾಗಿ ಮುಚ್ಚಿಟ್ಟರೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತವೆ. 200 ಡಿಗ್ರಿಯ ಓವನ್ನಿನಲ್ಲಿ ಹತ್ತು ನಿಮಿಷ, ಇಲ್ಲವೇ ದಪ್ಪ ತವೆಯ ಮೇಲೆ ಸಣ್ಣ ಉರಿಯಲ್ಲಿ ತಿರುವುತ್ತ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತವೆ, ಮೈಕ್ರೋವೇವ್‌ನಲ್ಲಿ ಆಗುವುದಿಲ್ಲ. ಬೆಲ್ಲದ ಸಾಸು ಫ್ರಿಜ್ಜಿನಲ್ಲಿ ಎರಡು ವಾರ, ಬೆಣ್ಣೆ ಬೆರೆಸಿದ್ದು ನಾಲ್ಕೈದು ದಿನ, ಶೇಂಗಾದ್ದು ಎರಡು ದಿನ. ಕರಿದ ಎಣ್ಣೆ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ‘ಕೋಳಿ’ ಎಂದು ಚೀಟಿ ಅಂಟಿಸಿ ಬೇರೆ ಡಬ್ಬಿಯಲ್ಲಿಟ್ಟರೆ ಇನ್ನೊಮ್ಮೆ ಬಳಸಬಹುದು. ಕಪ್ಪಾಗಿ ನೊರೆಯೇಳತೊಡಗಿದರೆ ಹಳೆಯ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ಕಸದ ಗಾಡಿಗೆ ಕೊಡಿ, ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ.